ಸ್ಕ್ರ್ಯಾಚ್ 3.0: ಎಲ್ಲಿಯವರೆಗೆ ಸಾಕು, ಪೈಥಾನ್‌ಗೆ ಯಾವಾಗ ದಾಟಬೇಕು

ಸ್ಕ್ರ್ಯಾಚ್ ಎಂದರೆ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡುವ ಭಾಷೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ರೂಪುಗೊಂಡ ಸ್ಕ್ರ್ಯಾಚ್‌ನ 3.0 ಆವೃತ್ತಿ ಬಂದದ್ದು 2019ರ ಜನವರಿಯಲ್ಲಿ. ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸಲು ವರ್ಷಗಟ್ಟಲೆ ಬಳಸಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ಲೂಪ್ (ಮತ್ತೆ ಮತ್ತೆ ಮಾಡಿಸುವುದು), ಷರತ್ತು, ವೇರಿಯಬಲ್ (ಬೆಲೆಯನ್ನು ತುಂಬಿಡುವ ಹೆಸರಿನ ಜಾಗ) ಕಲಿಸಲು ಇದು ಅತ್ಯುತ್ತಮ. ಫಂಕ್ಷನ್‌ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್‌ನ ತುಂಡು) ಹೇಳಿಕೊಡುವ ಹೊತ್ತಿಗೆ ಬರೆಯುವ ಕೋಡ್‌ಗೆ, ಅಂದರೆ ಪೈಥಾನ್‌ನಂಥ ಭಾಷೆಗೆ ದಾಟಲೇಬೇಕು.

ಬ್ಲಾಕ್‌ಗಳು ತಡೆಯುವುದು ಬರವಣಿಗೆಯ ತಪ್ಪನ್ನು ಮಾತ್ರ. ಷರತ್ತಿನ ಆರು ಮೂಲೆಯ ಜಾಗದಲ್ಲಿ ದುಂಡಗಿನ ಬ್ಲಾಕ್ ಕೂರುವುದೇ ಇಲ್ಲ. ಆದರೆ ಯೋಚನೆಯ ತಪ್ಪಿಗೆ ಯಾವ ಅಡ್ಡಿಯೂ ಇಲ್ಲ, ಕಲಿಕೆ ಇರುವುದೂ ಅಲ್ಲೇ.

ತ್ರಿಕೋನ ಎಳೆಯುವುದನ್ನೇ ನೋಡಿ. ಹೊಸಬರು ಎಡಗಡೆ ಕೆಳಗಿನ ಎಕ್ಸ್‌ಟೆನ್ಷನ್ ಗುಂಡಿಯಿಂದ ಗೆರೆ ಎಳೆಯುವ ಪೆನ್ ಬ್ಲಾಕ್‌ಗಳನ್ನು ಸೇರಿಸಿ, ಪೆನ್ ಡೌನ್ ಮಾಡಿ, 'ರಿಪೀಟ್ 3' ಒಳಗೆ 100 ಹೆಜ್ಜೆ, 60 ಡಿಗ್ರಿ ತಿರುವು ಇಡುತ್ತಾರೆ. ಬರುವುದು ಅರ್ಧ ಷಟ್ಕೋನ. ಪ್ರೋಗ್ರಾಮ್ ಓಡಿಸುವ ಹಸಿರು ಬಾವುಟವನ್ನು ಇನ್ನೊಮ್ಮೆ ಒತ್ತಿದರೆ ಷಟ್ಕೋನವೇ ಪೂರ್ತಿಯಾಗುತ್ತದೆ! ಇಲ್ಲಿ ಎರಡು ಪಾಠ ಒಟ್ಟಿಗೆ ಸಿಗುತ್ತವೆ. ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಅಂದರೆ 120. ಜೊತೆಗೆ, ಬಾವುಟ ಒತ್ತಿದರೆ ಸ್ಪ್ರೈಟ್‌ನ (ಪರದೆಯ ಮೇಲೆ ಚಲಿಸುವ ಚಿತ್ರದ) ಜಾಗ, ದಿಕ್ಕು, ಎಳೆದ ಗೆರೆ ಯಾವುದೂ ತಾನಾಗಿ ಮೊದಲಿನಂತಾಗುವುದಿಲ್ಲ. ಆದ್ದರಿಂದ ಪ್ರತಿ ಸ್ಕ್ರಿಪ್ಟ್‌ನ (ಜೋಡಿಸಿದ ಬ್ಲಾಕ್‌ಗಳ ಸಾಲಿನ) ಆರಂಭದಲ್ಲಿ ಈ ನಾಲ್ಕು ಬ್ಲಾಕ್ ಹಾಕುವುದನ್ನು ಮೊದಲ ದಿನವೇ ರೂಢಿ ಮಾಡಿಸಿ: ಪೆನ್ ಅಪ್, ಇರೇಸ್ ಆಲ್, ಗೋ ಟು 0, 0, ದಿಕ್ಕು 90 (ಬಲಕ್ಕೆ). ಪೆನ್ ಡೌನ್ ಆಮೇಲೆ.

ಆಟ ಮಾಡುವಾಗ ಬರುವ ತೊಂದರೆ ಬೇರೆ. ನಿಲ್ಲದೆ ಸುತ್ತುವ 'ಫಾರೆವರ್' ಲೂಪ್ ಒಳಗೆ 'ಸೇಬನ್ನು ಮುಟ್ಟಿದರೆ ಸ್ಕೋರ್ 1 ಹೆಚ್ಚಿಸು' ಎಂದಿಟ್ಟರೆ ಒಂದೇ ಸಲ ಮುಟ್ಟಿದರೂ ಸ್ಕೋರ್ ಹತ್ತಿಪ್ಪತ್ತು ಜಿಗಿಯುತ್ತದೆ. ಆ ಲೂಪ್ ಸೆಕೆಂಡಿಗೆ ಸುಮಾರು 30 ಸಲ ಸುತ್ತುತ್ತಿರುತ್ತದೆ, ಮುಟ್ಟಿಕೊಂಡಿರುವಷ್ಟು ಹೊತ್ತೂ ಎಣಿಸುತ್ತದೆ. ಸ್ಕೋರ್ ಹೆಚ್ಚಿಸಿದ ಕೂಡಲೇ 'ವೇಟ್ ಅಂಟಿಲ್' ಹಾಕಿ, ಅದರೊಳಗೆ 'ನಾಟ್', ಅದರೊಳಗೆ 'ಟಚಿಂಗ್' ಇಟ್ಟರೆ, ಅಂದರೆ ಮುಟ್ಟುವುದು ಬಿಡುವವರೆಗೆ ಕಾಯಿಸಿದರೆ ಸರಿಹೋಗುತ್ತದೆ. ಉತ್ತರ ಹೇಳಿಕೊಡಬೇಡಿ. 'ಟಚಿಂಗ್' ಬದಲು ತಾತ್ಕಾಲಿಕವಾಗಿ ಒಂದು ಕೀ ಒತ್ತುವ ಷರತ್ತು ಇಡಿಸಿ, ಸ್ಕೋರ್ ಓಡುವುದನ್ನು ಅವರೇ ನೋಡಲಿ.

ನಿಜವಾದ ಕೊರತೆ ಸ್ಕ್ರ್ಯಾಚ್‌ನಲ್ಲಿ ಫಂಕ್ಷನ್‌ನ ಜಾಗದಲ್ಲಿರುವ 'ಮೈ ಬ್ಲಾಕ್ಸ್'ನದು. ನಾವು ಮಾಡಿಕೊಂಡ ಬ್ಲಾಕ್ ಬೆಲೆಯನ್ನು ಹಿಂದಿರುಗಿಸುವುದಿಲ್ಲ. ಉತ್ತರವನ್ನು ಯಾವುದೋ ವೇರಿಯಬಲ್‌ನಲ್ಲಿ ತುಂಬಿಟ್ಟು ಆಮೇಲೆ ಓದಬೇಕು. ಈ ಅಭ್ಯಾಸ ಬೇರೂರಿದರೆ ಬೆಲೆ ಹಿಂದಿರುಗಿಸುವ ರಿಟರ್ನ್ ಯಾಕೆ ಬೇಕು ಎಂಬುದು ಮುಂದೆ ಅರ್ಥವಾಗುವುದು ಕಷ್ಟ.

ದಾಟುವಾಗ ಹೊಸ ಲೆಕ್ಕ ಕೊಡಬೇಡಿ, ಅದೇ ತ್ರಿಕೋನವನ್ನು ಪೈಥಾನ್‌ನ ಟರ್ಟಲ್‌ನಲ್ಲಿ (ಆಮೆಯನ್ನು ಓಡಿಸಿ ಗೆರೆ ಎಳೆಯುವ ಸಲಕರಣೆ) ಬರೆಸಿ. 'ರಿಪೀಟ್' ಬ್ಲಾಕ್‌ನ ಬಾಯೊಳಗೆ ಇದ್ದದ್ದೆಲ್ಲ ಇಲ್ಲಿ ಒಳಸರಿದ ಸಾಲು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಇಂಡೆಂಟೇಶನ್ ತಪ್ಪು ಬಹಳ ಕಡಿಮೆಯಾಗುತ್ತದೆ. ದಿಕ್ಕಿನ ಲೆಕ್ಕ ಮಾತ್ರ ಬೇರೆ: ಸ್ಕ್ರ್ಯಾಚ್‌ನಲ್ಲಿ ಬಲಕ್ಕೆ 90, ಟರ್ಟಲ್‌ನಲ್ಲಿ ಬಲಕ್ಕೆ 0. ಟರ್ಟಲ್‌ನ ಮೋಡ್ ಅನ್ನು 'ಲೋಗೋ' ಎಂದಿಟ್ಟರೆ ಎರಡೂ ಹೊಂದುತ್ತವೆ, ಆದರೆ ಆಗ ಆಮೆ ಮೇಲಕ್ಕೆ ಮುಖ ಮಾಡಿ ಹೊರಡುತ್ತದೆ. ಇನ್ನೊಂದು ವ್ಯತ್ಯಾಸ: ಲಿಸ್ಟ್‌ನ (ಬೆಲೆಗಳ ಪಟ್ಟಿಯ) ಮೊದಲ ಅಂಶದ ಸಂಖ್ಯೆ ಸ್ಕ್ರ್ಯಾಚ್‌ನಲ್ಲಿ 1, ಪೈಥಾನ್‌ನಲ್ಲಿ 0. ಇದನ್ನು ಟರ್ಟಲ್ ಕೈಗೆ ಹತ್ತಿದ ಮೇಲೆ ತೆಗೆದುಕೊಳ್ಳಿ.