ವೋರ್ಟೆಕ್ಸ್ ಕ್ರಾಸ್‌ಫೈರ್ 2, 3-9x40: ಬೇಟೆಯ ರೈಫಲ್‌ಗೊಂದು ಸ್ಕೋಪ್

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದು, ಈಗ ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೊರಡುವ ಕನ್ನಡಿಗರಿಗೆ ರೈಫಲ್ ಸ್ಕೋಪ್, ಅಂದರೆ ಗುರಿಯಿಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಅಪರಿಚಿತ ವಸ್ತುವೇ ಸರಿ. ಈ ಮಾದರಿಯ ಹೆಸರಿನಲ್ಲಿರುವ ಅಂಕಿಗಳು, ಗುರಿಯು ಮೂರರಿಂದ ಒಂಬತ್ತು ಪಟ್ಟು ಹತ್ತಿರ ಕಾಣುತ್ತದೆ ಮತ್ತು ಮುಂದಿನ ಮಸೂರದ ವ್ಯಾಸ 40 ಮಿ.ಮೀ. ಎಂಬುದನ್ನು ಸೂಚಿಸುತ್ತವೆ.

ಗುಂಡು ತೆಗೆದ ಬಂದೂಕನ್ನು ಖಾಲಿ ಆಕಾಶದತ್ತ ಹಿಡಿದು, ಸ್ಕೋಪ್‌ನೊಳಗೆ ಗುರಿ ತೋರುವ ಅಡ್ಡಗೆರೆಗಳು ನೋಡಿದೊಡನೆ ಸ್ಪಷ್ಟವಾಗಿ ಕಾಣುವವರೆಗೆ ಕಣ್ಣಿನ ಬದಿಯ ಉಂಗುರವನ್ನು ತಿರುಗಿಸುವುದು ಮೊದಲ ಕೆಲಸ. ಇದನ್ನು ಬಿಟ್ಟು ಗುಂಡು ಹಾರಿಸತೊಡಗುವವರೇ ಹೆಚ್ಚು. ಮೇಲಿನ ಮತ್ತು ಬದಿಯ ತಿರುಪುಗಳ ಒಂದೊಂದು ಕ್ಲಿಕ್ 100 ಗಜದಲ್ಲಿ ಗುಂಡಿನ ಹೊಡೆತವನ್ನು ಸುಮಾರು ಕಾಲು ಅಂಗುಲ ಸರಿಸುತ್ತದೆ. 25 ಗಜದಲ್ಲಿ ಅದೇ ಕ್ಲಿಕ್ ಅಂಗುಲದ ಹದಿನಾರನೇ ಒಂದು ಭಾಗ ಮಾತ್ರ. ಆದ್ದರಿಂದ ಅಲ್ಲಿ ಒಂದಂಗುಲ ತಪ್ಪಿದರೆ ನಾಲ್ಕಲ್ಲ, ಹದಿನಾರು ಕ್ಲಿಕ್ ಬೇಕು. ಮೂರು ಗುಂಡು ಹಾರಿಸಿ, ಅವುಗಳ ನಡುಬಿಂದುವನ್ನು ಅಳೆದ ನಂತರವೇ ತಿರುಪಿಗೆ ಕೈಹಾಕುವುದು ಜಾಣತನ.

ನನ್ನ ಆಕ್ಷೇಪ ಒಂದೇ: ದೂರದ ಹೊಡೆತಕ್ಕಾಗಿ ಅಡ್ಡಗೆರೆಗಳ ಕೆಳಭಾಗದಲ್ಲಿ ಕೊಟ್ಟಿರುವ ಗುರುತುಗಳು, ಗೆರೆಗಳು ಎರಡನೇ ಫೋಕಲ್ ಸಮತಲದಲ್ಲಿರುವುದರಿಂದ (ಅಂದರೆ ವರ್ಧನೆ ಬದಲಿಸಿದಾಗ ಗುರಿ ಹಿರಿದು ಕಿರಿದಾದರೂ ಗೆರೆಗಳ ಗಾತ್ರ ಬದಲಾಗದಿರುವುದರಿಂದ), ಗರಿಷ್ಠ ವರ್ಧನೆಯಲ್ಲಿ ಮಾತ್ರ ಲೆಕ್ಕಕ್ಕೆ ಸರಿಹೊಂದುತ್ತವೆ. ಮುಸ್ಸಂಜೆಯಲ್ಲಿ ಒಂಬತ್ತು ಪಟ್ಟು ಇಟ್ಟರೆ ಕಣ್ಣಿಗೆ ತಲುಪುವ ಬೆಳಕಿನ ಕಿಂಡಿ ಸುಮಾರು 4.4 ಮಿ.ಮೀ.ಗೆ ಕುಗ್ಗಿ ನೋಟ ಮಬ್ಬಾಗುವುದರಿಂದ, ಆ ಹೊತ್ತಿನಲ್ಲಿ ಆರು ಪಟ್ಟಿಗೆ ಇಳಿಸಿ ಹತ್ತಿರದ ಗುರಿಗಷ್ಟೇ ತೃಪ್ತರಾಗಬೇಕು.