14416ಕ್ಕೆ ಎರಡು ಸಲ ಫೋನ್ ಮಾಡಿದ ಮೇಲೆ

ಟೆಲಿ ಮಾನಸ್ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಂಬರ್ 14416. ದುಡ್ಡಿಲ್ಲ, 24 ಗಂಟೆಯೂ ಇರುತ್ತೆ. 2022ರ ಅಕ್ಟೋಬರ್ 10ರಂದು ಶುರುವಾಯಿತು, ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಪರೀಕ್ಷೆ ಭಯ, ನಿದ್ದೆ ಬರಲ್ಲ ಅಂತ ಫೋನ್ ಮಾಡಿದವರನ್ನು ನೀವೂ ನೋಡಿರುತ್ತೀರಿ. ನನ್ನ ವಿಷಯ ಸ್ವಲ್ಪ ಬೇರೆ. ನಾನು ಗೇ.

ಊರು ತಿಪಟೂರು. ನನ್ನ ನಡಿಗೆ ನೋಡಿ ಹೈಸ್ಕೂಲಿನ ಹುಡುಗರು ಇಟ್ಟ ಹೆಸರನ್ನು ಇಲ್ಲಿ ಬರೆಯಲ್ಲ. ಮೂತ್ರಕ್ಕೆ ಹೋದರೆ ಹಿಂದೆಯೇ ಬಂದು ಕಾಡುತ್ತಿದ್ದರು. ಅದಕ್ಕೇ ಬೆಳಗ್ಗೆಯಿಂದ ಸಂಜೆ ನಾಲ್ಕೂವರೆವರೆಗೆ ನೀರೇ ಕುಡಿಯುತ್ತಿರಲಿಲ್ಲ. ಮೂರು ವರ್ಷ ಹಾಗೇ ಕಳೆದೆ. ಅಮ್ಮ ತುಂಬಿಸಿ ಕೊಟ್ಟ ಬಾಟಲಿಯನ್ನು ಮನೆ ಹತ್ತಿರದ ತೆಂಗಿನ ಬುಡಕ್ಕೆ ಸುರಿದು ಒಳಗೆ ಹೋಗುತ್ತಿದ್ದೆ. ಉರಿಮೂತ್ರ ಬಂದಾಗ ಎಲ್ಲರೂ 'ಬಿಸಿಲಿಗೆ' ಅಂದರು. ಈಗಲೂ ಆಫೀಸಿನಲ್ಲಿ ನಾಲ್ಕು ಜನ ಜೊತೆಗಿದ್ದರೆ ನಾನು ಎದ್ದು ಹೋಗಲ್ಲ, ತಡೆದುಕೊಂಡು ಕೂರುತ್ತೇನೆ.

2014ರಲ್ಲಿ ಮಾವನೊಬ್ಬರು ನನ್ನನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಅವರ ಮೊದಲ ಪ್ರಶ್ನೆ, "ಯಾವಾಗಿಂದ ಹೀಗೆ?" ಜ್ವರ ಕೇಳಿದ ಹಾಗೆ. ನಿದ್ದೆ ಮಾತ್ರೆ ಬರೆದು, ಮದುವೆ ಮಾಡಿ ಸರಿಹೋಗ್ತಾನೆ ಅಂದರು. ವಿಶ್ವ ಆರೋಗ್ಯ ಸಂಸ್ಥೆ ಗೇ ಆಗಿರೋದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ, ನಾನು ಹುಟ್ಟೋಕೆ ಮೂರು ವರ್ಷ ಮೊದಲೇ! ಈಗ ಹೀಗೆ 'ಸರಿ ಮಾಡ್ತೀನಿ' ಅನ್ನೋ ಡಾಕ್ಟರದ್ದು ವೃತ್ತಿಗೆ ತಕ್ಕುದಲ್ಲದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಆಗ ನನಗೆ ಗೊತ್ತಿದ್ದದ್ದು ಮಾವನ ಸಿಟ್ಟು ಮಾತ್ರ.

ಹೋದ ವರ್ಷ ಮನೆಯಲ್ಲಿ ಜಾತಕ ಹೊರಗೆ ಬಂತು. ನಿದ್ದೆ ಹೋಯಿತು. ರಾತ್ರಿ ಹನ್ನೊಂದೂವರೆಗೆ ಪಿಜಿ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಕೂತು ಫೋನ್ ಮಾಡಿದೆ. ಕನ್ನಡ ಆರಿಸಿಕೊಂಡೆ.

ಅಲ್ಲೇ ಸಿಕ್ಕಿಹಾಕಿಕೊಂಡೆ ನೋಡಿ. ಇಂಗ್ಲಿಷ್‌ನಲ್ಲಾದರೆ ಪಟ್ಟನೆ ಹೇಳಿಬಿಡಬಹುದು, ಯಾರದೋ ಮಾತು ಹೇಳಿದ ಹಾಗಿರುತ್ತೆ. ಕನ್ನಡದಲ್ಲಿ ನನಗೆ ಗೊತ್ತಿದ್ದದ್ದು ಬೈಗುಳ. 'ಸಲಿಂಗಿ' ಅನ್ನೋದು ಪೇಪರಿನ ಮಾತು, ಬಾಯಿಗೆ ಬರಲ್ಲ. ಕೊನೆಗೆ, "ಮೇಡಂ, ನನಗೆ ಹುಡುಗರೇ ಇಷ್ಟ" ಅಂದೆ. ಆ ಕಡೆಯಿಂದ, "ಸರಿ. ನಿದ್ದೆ ಎಷ್ಟು ದಿನದಿಂದ ಇಲ್ಲ?"

ಅಷ್ಟೇ. ಯಾವಾಗಿಂದ ಅಂತ ಕೇಳಿದರು, ಆದರೆ ನಿದ್ದೆ ಬಗ್ಗೆ. ನನಗೆ ಅಳು ಬಂತು.

ಸಾಯಬೇಕು ಅನಿಸುತ್ತಿದೆಯಾ ಅಂತ ನೇರವಾಗಿಯೇ ಕೇಳಿದರು. ಇಲ್ಲ, ಓಡಿಹೋಗಬೇಕು ಅನಿಸುತ್ತೆ ಅಂದೆ. ಹೆಸರು ಹೇಳಲು ಇಷ್ಟ ಇಲ್ಲ ಅಂದಾಗ ಒತ್ತಾಯ ಮಾಡಲಿಲ್ಲ. ಎರಡನೇ ಸಲ ಮಾಡಿದ್ದು ಅಮ್ಮನಿಗೆ ಹೇಗೆ ಹೇಳೋದು ಅಂತ ಕೇಳೋಕೆ. ಹೇಳಲೇಬೇಕು ಅಂತೇನಿಲ್ಲ ಅಂದರು. ಕೈಯಲ್ಲಿ ದುಡ್ಡಿದೆಯಾ, ಇರೋ ಜಾಗ ಭದ್ರವಾ, ಮನೆಯಲ್ಲಿ ನಿಮ್ಮ ಪರ ಒಬ್ಬರಾದರೂ ಇದ್ದಾರಾ, ಇಷ್ಟು ನೋಡಿಕೊಳ್ಳಿ ಅಂದರು. ಅಕ್ಕ ಇದ್ದಾಳೆ. ಅವಳಿಗೆ ಮಾತ್ರ ಹೇಳಿದ್ದೇನೆ. ಜಾತಕ ಸದ್ಯಕ್ಕೆ ಬೀರುವಿಗೆ ವಾಪಸ್ ಹೋಗಿದೆ, ಏನು ನೆಪ ಹೇಳಿದಳೋ!

ಇಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹದಿನೈದು ವರ್ಷ ಗಟ್ಟಿಯಾದದ್ದು ಎರಡು ಫೋನಿಗೆ ಕರಗಲ್ಲ. ಈಗ ನಾನು ಎರಡು ವಾರಕ್ಕೊಮ್ಮೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗುತ್ತೇನೆ. ಆದರೆ ಆ ಬಾಗಿಲು ತಟ್ಟೋ ಧೈರ್ಯ ಬಂದದ್ದು ಟ್ಯಾಂಕಿನ ಹಿಂದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ ಅನ್ನೋದೂ ಆಮೇಲೆ ತಿಳಿಯಿತು.

ನಾಲ್ಕೂವರೆ ಸ್ಟಾರ್. ಅರ್ಧ ಕತ್ತರಿಸಿದ್ದು ಪಿಜಿ ಟೆರೇಸಿನ ಸೊಳ್ಳೆಗಳಿಗೆ. ಫೋನ್ ಮಾಡುವವರು ಒಂದು ಬಾಟಲಿ ನೀರು ಹತ್ತಿರ ಇಟ್ಟುಕೊಳ್ಳಿ, ಮಾತು ಶುರುವಾದರೆ ಬಾಯಿ ಒಣಗುತ್ತೆ.