ಎಂಟು ಟ್ರ್ಯಾಕಿಗೆ ಒಂದೇ ಅಳತೆಗೋಲು: ಎಂಆರ್‌ಎಲ್ ಕ್ಯಾಲಿಬ್ರೇಶನ್ ಟೇಪು ಬಳಸಿ ನೋಡಿದೆ

ನನ್ನ ಗ್ಯಾರೇಜಿನಲ್ಲಿ ಓಟಾರಿ ಎಂಎಕ್ಸ್-5050 ರೀಲ್ ಟೇಪ್ ರೆಕಾರ್ಡರ್ ಇದೆ. ಅರ್ಧ ಇಂಚಿನ ಟೇಪು, ಎಂಟು ಟ್ರ್ಯಾಕು. ಮಾರಿದವರು "ಎಲ್ಲಾ ಕ್ಯಾಲಿಬ್ರೇಟ್ ಆಗಿದೆ" ಅಂದಿದ್ದರು. ಶನಿವಾರ ನಾಲ್ಕು ಜನ ಸೇರಿ ದಾಸರ ಪದ ರೆಕಾರ್ಡ್ ಮಾಡಿ ಕೇಳಿದರೆ, ತಬಲಾಗೆ ಕಂಬಳಿ ಹೊದಿಸಿದ ಹಾಗಿತ್ತು. ಅದು ಇದ್ದದ್ದು ಆರನೇ ಟ್ರ್ಯಾಕಿನಲ್ಲಿ.

ಮೊದಲು ನಾನು ಮಾಡಿದ್ದು ಹುಚ್ಚು ಕೆಲಸ. ಆಸಿಲೇಟರಿನಿಂದ ಟೋನ್ ಕೊಟ್ಟು ರೆಕಾರ್ಡ್ ಮಾಡಿದೆ, ಅದನ್ನೇ ಪ್ಲೇ ಮಾಡಿ ಎಂಟೂ ಮುಳ್ಳುಗಳನ್ನು ಸೊನ್ನೆಗೆ ತಂದೆ. ನಾನೇ ಪರೀಕ್ಷೆ ಬರೆದು ನಾನೇ ಮಾರ್ಕು ಹಾಕಿಕೊಂಡ ಹಾಗಾಯ್ತು. ಗೆಳೆಯನ ಮಶೀನಿನಲ್ಲಿ ಅದೇ ರೀಲು ಕಿವಿಗೆ ಚುಚ್ಚಿತು.

ಆಮೇಲೆ ಎಂಆರ್‌ಎಲ್ ಟೇಪು ತರಿಸಿದೆ, ಅಂದರೆ ಮಶೀನನ್ನು ಹೊಂದಿಸಲು ನಿಖರ ಮಟ್ಟದ ಟೋನ್‌ಗಳನ್ನು ಮೊದಲೇ ತುಂಬಿಟ್ಟ ಟೇಪು. ಇದು ಅಮೆರಿಕದ ಸ್ಯಾನ್ ಹೊಸೆಯ ಮ್ಯಾಗ್ನೆಟಿಕ್ ರೆಫರೆನ್ಸ್ ಲ್ಯಾಬೊರೇಟರಿಯದು. ಹಿಂದೆ ಟೇಪ್ ರೆಕಾರ್ಡರ್ ಕಂಪನಿ ಆಂಪೆಕ್ಸ್‌ನಲ್ಲಿದ್ದ ಜೇ ಮೆಕ್‌ನೈಟ್ ಮತ್ತು ಜೊತೆಗಾರರು 1972ರಲ್ಲಿ ಶುರು ಮಾಡಿದ್ದು. ಅಗ್ಗವಲ್ಲ. ಟೇಪಿನ ಅಗಲ, ವೇಗ, ಈಕ್ಯೂ (ಬಾಸ್-ಟ್ರೆಬಲ್ ಹೊಂದಾಣಿಕೆ), ಮಟ್ಟ ಎಲ್ಲಾ ನಿಮ್ಮ ಮಶೀನಿಗೆ ಹೊಂದಬೇಕು. ನನ್ನದು ಸೆಕೆಂಡಿಗೆ 15 ಇಂಚು, ಎನ್‌ಎಬಿ ಎಂಬ ಈಕ್ಯೂ, ಮಟ್ಟ ಮೀಟರಿಗೆ 250 ನ್ಯಾನೋವೆಬರ್ (ಟೇಪಿನ ಕಾಂತತೆಯ ಅಳತೆ).

ಹೆಡ್ ಒರೆಸಿ, ಡಿಮ್ಯಾಗ್ನೆಟೈಸ್ ಮಾಡಿದ ಮೇಲೇ ಟೇಪು ಹಾಕಿದೆ. ಮೊದಲು ಅಜಿಮತ್, ಅಂದರೆ ಟೇಪು ಓದುವ ಹೆಡ್ ಟೇಪಿಗೆ ಓರೆಯಾಗದೆ ನಿಲ್ಲುವುದು. ಒಂದನೇ ಮತ್ತು ಎಂಟನೇ ಟ್ರ್ಯಾಕನ್ನು ಆಸಿಲೋಸ್ಕೋಪಿಗೆ ಕೊಟ್ಟೆ. 1 ಕಿಲೋಹರ್ಟ್ಜ್‌ನಲ್ಲಿ ತೆರೆಯ ಮೇಲೆ ಬಾದಾಮಿಯಷ್ಟು ದಪ್ಪದ ಆಕಾರ. ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ. ಬಾದಾಮಿ ತೆಳ್ಳಗಾಗುತ್ತಾ ಓರೆ ಗೆರೆಯಾಯ್ತು. ಆಮೇಲೆ 16 ಕಿಲೋಹರ್ಟ್ಜ್‌ಗೆ ಹೋಗಿ ಮತ್ತೆ ಚೂರು ತಿದ್ದಿದೆ. ನೇರ ಮೇಲಿನ ಟೋನಿಗೇ ಹಾರಿದರೆ ಮೋಸ ಹೋಗ್ತೀರಿ. ಎರಡು ಟ್ರ್ಯಾಕಿನ ಅಲೆಗಳ ನಡುವೆ ಒಂದು ಇಡೀ ಆವರ್ತ ತಪ್ಪಿದ್ದರೂ ಅಲ್ಲಿ ಗೆರೆ ಸರಿಯಾಗೇ ಕಾಣುತ್ತದೆ.

ಮಟ್ಟಕ್ಕೆ ಮಶೀನಿನ ಮುಳ್ಳನ್ನು ನಂಬಲಿಲ್ಲ. ಹೊರಗಿನ ಎಸಿ ಮಿಲ್ಲಿವೋಲ್ಟ್ ಮೀಟರಿನಲ್ಲಿ 1.23 ವೋಲ್ಟ್ ಬರುವಂತೆ ಪ್ರತಿ ಟ್ರ್ಯಾಕನ್ನೂ ಹೊಂದಿಸಿದೆ. 10 ಕಿಲೋಹರ್ಟ್ಜ್ ಟೋನ್ ಬಂದಾಗ ಆರನೇ ಟ್ರ್ಯಾಕು 4 ಡಿಬಿ ಕೆಳಗೆ ಕೂತಿತ್ತು. ಕಳ್ಳ ಸಿಕ್ಕ! ಎಂಟು ಟ್ರ್ಯಾಕು ಮುಗಿಸುವಷ್ಟರಲ್ಲಿ ಟೋನ್ ಮುಗಿದು ಹೋಗುತ್ತಿತ್ತು, ಮೂರು ಸಲ ಹಿಂದಕ್ಕೆ ಸುತ್ತಿದೆ. ನನ್ನ ಕೈ ನಿಧಾನ, ಟೇಪಿನ ತಪ್ಪಲ್ಲ.

100 ಹರ್ಟ್ಜ್‌ನಲ್ಲಿ ಮಾತ್ರ ಹುಷಾರು. ಈ ಟೇಪಿನಲ್ಲಿ ಟೋನ್ ಪೂರ್ತಿ ಅಗಲಕ್ಕೆ ಹರಡಿರುತ್ತದೆ. ನಿಮ್ಮ ಹೆಡ್ಡಿನ ಸಣ್ಣ ಟ್ರ್ಯಾಕು ಪಕ್ಕದ ಜಾಗದಿಂದಲೂ ಸ್ವಲ್ಪ ಎಳೆದುಕೊಳ್ಳುವುದರಿಂದ ಮುಳ್ಳು ಸುಮ್ನೆ ಮೇಲೇರುತ್ತದೆ. ಅದನ್ನು ನಂಬಿ ಬಾಸ್ ಇಳಿಸಬೇಡಿ. ಕೊನೆಗೆ ನೀವೇ ರೆಕಾರ್ಡ್ ಮಾಡಿ, ಆಗ ತಿದ್ದಿ.

ಇನ್ನು ರೆಕಾರ್ಡ್ ಕಡೆ. ಹೊಸ ಖಾಲಿ ಎಸ್‌ಎಂ 911 ಟೇಪು ಹಾಕಿ 10 ಕಿಲೋಹರ್ಟ್ಜ್ ಕೊಟ್ಟು ಬಯಾಸ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಬೆರೆಸುವ, ಕಿವಿಗೆ ಕೇಳದ ಮೇಲಿನ ಆವರ್ತನದ ಸಿಗ್ನಲ್) ಏರಿಸಿದೆ. ಮುಳ್ಳು ಏರಿತು, ತುದಿ ಮುಟ್ಟಿತು, ಇಳಿಯಲು ಶುರು ಮಾಡಿತು. 3 ಡಿಬಿ ಇಳಿದಲ್ಲಿ ನಿಲ್ಲಿಸಿದೆ. ಆಮೇಲೆ ರೆಕಾರ್ಡ್ ಮಟ್ಟ, ಈಕ್ಯೂ. ಈ ಭಾಗಕ್ಕೆ ಎಂಆರ್‌ಎಲ್ ಟೇಪು ಬೇಕಿಲ್ಲ, ಆದರೆ ಪ್ಲೇಬ್ಯಾಕ್ ಸರಿಯಿರದೆ ಇದಕ್ಕೆ ಅರ್ಥವೇ ಇಲ್ಲ ಅಲ್ವಾ?

5ಕ್ಕೆ 4.5 ಕೊಡುತ್ತೇನೆ. ಅರ್ಧ ಕಳೆದದ್ದು ಜೇಬಿನ ಸಂಕಟಕ್ಕೆ. ಒಂದೇ ರೀಲು ರೆಕಾರ್ಡ್ ಮಾಡುವ ಆಸೆ ಇದ್ದರೆ ಇದನ್ನು ಕೊಳ್ಳಬೇಡಿ, ಇರುವವರ ಹತ್ತಿರ ಮಶೀನು ಒಯ್ಯಿರಿ.

ಎಂಆರ್‌ಎಲ್ ಟೇಪು ಹಾಕಿದ್ದಾಗ ಎಂಟೂ ಟ್ರ್ಯಾಕನ್ನು ಸೇಫ್‌ಗೆ (ರೆಕಾರ್ಡ್ ಆಗದಂತೆ ತಡೆಯುವ ಸ್ವಿಚ್ಚಿಗೆ) ಹಾಕದೆ ಒಮ್ಮೆ ರೆಕಾರ್ಡ್ ಬಟನ್ ಹತ್ತಿರ ಬೆರಳು ಹೋಗಿತ್ತು. ಈಗ ಡಬ್ಬಿಯ ಮೇಲೆ ಕೆಂಪು ಇಂಕಿನಲ್ಲಿ "ರೆಕಾರ್ಡ್ ಒತ್ತಬೇಡ ಮಾರಾಯ" ಅಂತ ಬರೆದಿಟ್ಟಿದ್ದೇನೆ.